ಯಾರ ನಡತೆಗೆ ಯಾರ ಸರ್ಟಿಫಿಕೇಟು?

ಕತೆಯೊಳಗಿನ ಮನುಷ್ಯ ಎಂಥವನು ಅಂತ ತಿಳಿಸೋದಕ್ಕೆ ಎರಡು ದಾರಿ. ಕತೆಗಾರನೇ ಮುಂದೆ ನಿಂತು ‘ಇವನು ಸೋಮಾರಿ’, ‘ಇವಳು ಸಾಧ್ವಿ’ ಎಂದು ಹೇಳಿಬಿಡುವುದು ನೇರ ಪಾತ್ರಚಿತ್ರಣ. ಅವರ ಮಾತು, ದುಡಿಮೆ, ಉಣ್ಣುವ ರೀತಿಯಿಂದ ಓದುಗನೇ ತಿಳಿಯಲಿ ಎಂದು ಬಿಡುವುದು ಪರೋಕ್ಷ ಚಿತ್ರಣ. ಪಾಠದ ಪುಸ್ತಕ ಇದನ್ನು ತಂತ್ರ ಅನ್ನುತ್ತೆ. ಕೇರಿಯಿಂದ ನೋಡಿದರೆ ಇದು ಅಧಿಕಾರದ ಪ್ರಶ್ನೆ. ನಮ್ಮ ಜನಕ್ಕೆ ನಡತೆ ಸರ್ಟಿಫಿಕೇಟು ಬರೆದವರು ಯಾವತ್ತೂ ಬೇರೆಯವರೇ: ಶಾನುಭೋಗ, ಪೊಲೀಸು, ಮೇಷ್ಟ್ರು. ಆಮೇಲೆ ಕತೆಗಾರ.

ಪ್ರೇಮಚಂದರ ಎರಡು ಕತೆ ತಗೊಳ್ಳಿ. 1931ರ ‘ಸದ್ಗತಿ’ಯಲ್ಲಿ ಚಮ್ಮಾರ ದುಖಿ ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಪಂಡಿತನ ಮನೆಗೆ ಹೋಗುತ್ತಾನೆ. ಬಿಟ್ಟಿಚಾಕರಿ ಬೀಳುತ್ತೆ. ಹಸಿದ ಹೊಟ್ಟೆಯಲ್ಲೇ ಸೀಳಲಾಗದ ಕೊರಡು ಸೀಳುತ್ತಾ ಸಾಯುತ್ತಾನೆ. ಪಂಡಿತ ಹೆಣ ಮುಟ್ಟದೆ ಕಾಲಿಗೆ ಹಗ್ಗ ಹಾಕಿ ಎಳೆಯುತ್ತಾನೆ. ಅವನು ಕ್ರೂರಿ ಅಂತ ಬರೀಬೇಕಾಗಿಲ್ಲ. ಹಗ್ಗವೇ ಹೇಳುತ್ತೆ.

ಹಿಂದಿಯಲ್ಲಿ 1936ರಲ್ಲಿ ಅಚ್ಚಾದ ‘ಕಫನ್’ ಹಾಗಲ್ಲ. ಗುಡಿಸಲೊಳಗೆ ಬುಧಿಯಾ ಹೆರಿಗೆ ನೋವಿನಲ್ಲಿ ಸಾಯುತ್ತಿದ್ದಾಳೆ. ಹೊರಗೆ ಅವಳ ಗಂಡ ಮಾಧವ, ಮಾವ ಗೀಸೂ ಯಾರದೋ ಹೊಲದಿಂದ ಅಗೆದು ತಂದ ಆಲೂಗಡ್ಡೆ ಸುಟ್ಟು ತಿನ್ನುತ್ತಿದ್ದಾರೆ. ಇವರು ಚಮ್ಮಾರರು, ಊರಿಗೆಲ್ಲ ಹೆಸರಾದ ಮೈಗಳ್ಳರು ಎಂದು ಕತೆಗಾರ ತಾನೇ ಸಾರುತ್ತಾನೆ. ಹಗಲಿರುಳು ದುಡಿದವರ ಪಾಡೂ ಇವರಿಗಿಂತ ಹೆಚ್ಚೇನೂ ಮೇಲಲ್ಲದ ಸಮಾಜದಲ್ಲಿ ಇದೇನು ಆಶ್ಚರ್ಯ ಎಂದೂ ಕೇಳುತ್ತಾನೆ. ಆ ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಆರೋಪವೂ ಅವನದೇ, ವಕಾಲತ್ತೂ ಅವನದೇ. ಬುಧಿಯಾಳಿಗೆ ನರಳಾಟ ಬಿಟ್ಟು ಒಂದು ಮಾತಿಲ್ಲ. ಹಿಂದಿಯ ದಲಿತ ಲೇಖಕರು ಈ ಕತೆಯ ಮೇಲೆ ಸಿಟ್ಟಾದದ್ದು ಸುಮ್ಮನೆ ಅಲ್ಲ.

ನಮ್ಮಲ್ಲಿ 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ‘ಬೂಸಾ’ ಅಂದರು. ಗಲಾಟೆ ಎದ್ದಿತು, ಅವರ ಮಂತ್ರಿಗಿರಿ ಹೋಯಿತು. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’ ಬಂತು. ಮುಂದೆ ನೀಳ್ಗತೆ ‘ಒಡಲಾಳ’. ಅಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಅವಳು ಬಡವಿಯೋ, ಜಗಳಗಂಟಿಯೋ, ಮಮತೆಯವಳೋ ಯಾರೂ ಹೇಳಿಕೊಡುವುದಿಲ್ಲ. ಅವಳ ಬೈಗುಳದಲ್ಲೇ ಎಲ್ಲ ಉಂಟು. ಆ ಮನೆಗೂ ಕದ್ದ ಮಾಲು ಬರುತ್ತೆ: ಕಳ್ಳೇಕಾಯಿ. ಮನೆಮಂದಿ ಸುತ್ತ ಕೂತು ರಾತ್ರಿಯೆಲ್ಲಾ ಸುಲಿದು ತಿನ್ನುತ್ತಾರೆ, ಗುರುತೂ ಉಳಿಯದಂತೆ. ಆಮೇಲೆ ಪೊಲೀಸರು ಬರುತ್ತಾರೆ. ‘ಕಳ್ಳರು’ ಎಂಬ ಪದ ಅವರ ಬಾಯಲ್ಲಿರುತ್ತೆ. ಓದುಗನ ಬಾಯಿಗೆ ಮಾತ್ರ ಅದು ಬರುವುದಿಲ್ಲ, ಯಾಕೆಂದರೆ ಅವನೂ ಆ ರಾತ್ರಿ ಅವರ ಜೊತೆ ಕೂತು ತಿಂದಿರುತ್ತಾನೆ.

ಆಲೂಗಡ್ಡೆಗೂ ಕಳ್ಳೇಕಾಯಿಗೂ ನಡುವೆ ಇರುವ ದೂರವೇ ನಮ್ಮ ಕತೆಯ ಚರಿತ್ರೆ. ಎರಡೂ ಕಡೆ ಹಸಿವು ಒಂದೇ, ಕಳವೂ ಒಂದೇ. ಒಂದು ಕಡೆ ತೀರ್ಪು ಮೊದಲು, ಮನುಷ್ಯ ಆಮೇಲೆ. ಇನ್ನೊಂದು ಕಡೆ ಮನುಷ್ಯ ಮಾತಾಡಿ ಮುಗಿಸುವವರೆಗೂ ತೀರ್ಪಿಗೆ ಜಾಗವಿಲ್ಲ.

ಹಾಗಂತ ನೇರವಾಗಿ ಹೇಳುವುದೇ ಪಾಪ ಅಂತಲ್ಲ. ಜಮೀನ್ದಾರನನ್ನು ಜಮೀನ್ದಾರ ಅನ್ನಲೇಬೇಕು. ಪರೋಕ್ಷವಾಗಿ ಬರೆದೂ ಕೇರಿಯ ಜನರನ್ನು ಮೂಕರನ್ನಾಗಿ ಮಾಡಬಹುದು. ತರಗತಿಯಲ್ಲಿ ಕತೆ ಓದಿಸುವ ಮೇಷ್ಟ್ರುಗಳೇ, ಪಾತ್ರದ ಗುಣಗಳನ್ನು ಪಟ್ಟಿ ಮಾಡಿ ಎನ್ನುವ ಮೊದಲು ಮಕ್ಕಳಿಗೆ ಇಷ್ಟು ಕೇಳಿ: ಈ ಗುಣ ಹೇಳಿದವರು ಯಾರು? ಹೇಳಿಸಿಕೊಂಡವನಿಗೆ ಬಾಯಿ ಕೊಟ್ಟಿದ್ದಾರಾ?