ಡಿಜಿಟಲ್ ಕಂದಕ: ಹೆಬ್ಬೆಟ್ಟು ಮೂಡದವರು, ಮೊಬೈಲ್ ಇಲ್ಲದವರು

ಸರ್ಕಾರದ ಸೇವೆಗಳು ಗಣಕಯಂತ್ರ, ಅಂತರ್ಜಾಲ ಹಾಗೂ ಮೊಬೈಲ್ ಮೂಲಕವೇ ದೊರೆಯುವ ವ್ಯವಸ್ಥೆಯಲ್ಲಿ, ಅವುಗಳನ್ನು ಬಳಸಲಾಗದ ಕಾರಣಕ್ಕೆ ಅರ್ಹರೇ ಸೌಲಭ್ಯದಿಂದ ದೂರ ಉಳಿಯುವ ಸ್ಥಿತಿಯನ್ನು ‘ಡಿಜಿಟಲ್ ಕಂದಕ’ ಎಂದು ಕರೆಯಲಾಗುತ್ತದೆ. ತುಮಕೂರು ನಗರದಲ್ಲೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲೂ ಈ ಕಂದಕದ ಅಂಚಿನಲ್ಲಿ ನಿಂತವರು ವೃದ್ಧರು, ವಿಧವೆಯರು, ಅಂಗವಿಕಲರು, ಕೂಲಿಕಾರರು ಮತ್ತು ಬೀಡಿ ಕಟ್ಟುವ ಮಹಿಳೆಯರು.

ರಾಜ್ಯದಲ್ಲಿ ಗಣಕೀಕರಣವನ್ನು ಹಳ್ಳಿಯ ಬಾಗಿಲಿಗೆ ತಂದದ್ದು ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತಗೊಂಡು, 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವುದು ತಪ್ಪಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿದ್ದು ಸಣ್ಣ ಸಾಧನೆಯಲ್ಲ. ಆದರೆ ಗುಬ್ಬಿಯ ಹಾಗಲವಾಡಿ, ಕುಣಿಗಲ್‌ನ ಹುಲಿಯೂರುದುರ್ಗದಂಥ ದೂರದ ಹೋಬಳಿಗಳವರಿಗೆ ಆ 15 ರೂಪಾಯಿಯ ಜೊತೆಗೆ ಬಸ್ ವೆಚ್ಚ, ಒಂದು ದಿನದ ಕೂಲಿ ನಷ್ಟವೂ ಸೇರಿತು. 2006ರ ನೆಮ್ಮದಿ ಕೇಂದ್ರ, 2012ರ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಸೇವೆಯನ್ನು ಹೋಬಳಿಗೂ, ಮುಂದೆ ಗ್ರಾಮ ಒನ್ ಕೇಂದ್ರಗಳು ಪಂಚಾಯಿತಿ ಮಟ್ಟಕ್ಕೂ ತಂದವು. ದೂರ ಕಡಿಮೆಯಾಯಿತು, ಅರ್ಜಿಯನ್ನು ಮತ್ತೊಬ್ಬರಿಂದ ತುಂಬಿಸಬೇಕಾದ ಪರಾವಲಂಬನೆ ಉಳಿಯಿತು.

ಕರ್ನಾಟಕದಲ್ಲಿ ಆಧಾರ್ ನೋಂದಣಿ 2010ರಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು ತುಮಕೂರು ಮತ್ತು ಮೈಸೂರು ಜಿಲ್ಲೆಗಳಲ್ಲಿ. ಹಾಗಾಗಿ ಇಲ್ಲಿನ ಅನೇಕರ ಬೆರಳಚ್ಚುಗಳು ದೇಶದ ಹಳೆಯ ಆಧಾರ್ ದಾಖಲೆಗಳ ಸಾಲಿಗೆ ಸೇರುತ್ತವೆ. ಅಂದಿನಿಂದ ಅಡಿಕೆ ಸುಲಿದು, ತೆಂಗಿನ ನಾರು ತೆಗೆದು, ಬೀಡಿ ಸುತ್ತಿ ಸವೆದ ಬೆರಳಿನ ಗೆರೆಗಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಎಷ್ಟೋ ಬಾರಿ ಗುರುತಿಸುವುದಿಲ್ಲ. ಓದುಬರಹ ಬಾರದವರನ್ನು ‘ಹೆಬ್ಬೆಟ್ಟು’ ಎಂದು ಹಂಗಿಸುತ್ತಿದ್ದ ಕಾಲ ಹೋಗಿ, ಹೆಬ್ಬೆಟ್ಟು ಮೂಡದಿದ್ದರೆ ಅಕ್ಕಿ ಇಲ್ಲ ಎನ್ನುವ ಕಾಲ ಬಂದಿರುವುದು ವಿಪರ್ಯಾಸ.

ಮೊಬೈಲಿನದು ಇನ್ನೊಂದು ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ ಮಹಿಳೆಯರು ಶೇ 35, ಪುರುಷರು ಶೇ 62. ಮನೆಗೊಂದು ಮೊಬೈಲ್ ಇದ್ದರೂ ಅದು ಮಗನ ಜೇಬಿನಲ್ಲಿ, ಮಗ ಬೆಂಗಳೂರಿನಲ್ಲಿ; ಒಟಿಪಿ ಅಲ್ಲಿಗೆ ಹೋಗುತ್ತದೆ, ತಾಯಿ ಇಲ್ಲಿ ಕೇಂದ್ರದ ಮುಂದೆ ಕಾಯುತ್ತಾಳೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ಪಡೆಯಲು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಒಂದು ದಾಖಲೆಯಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದರೆ, ಊರಿಗೆಲ್ಲ ಗೊತ್ತಿರುವ ಒಬ್ಬ ಹೆಂಗಸು ಯಂತ್ರದ ಕಣ್ಣಿಗೆ ಇಬ್ಬರಾಗಿಬಿಡುತ್ತಾಳೆ.

ನಿಯಮಗಳು ಇಂಥವರ ಪರವಾಗಿಯೇ ಇವೆ ಎಂಬುದನ್ನು ಓದುಗರು ಗಮನಿಸಬೇಕು. ಆಧಾರ್ ದೃಢೀಕರಣ ವಿಫಲವಾದ ಮಾತ್ರಕ್ಕೆ ಪಡಿತರ ನಿರಾಕರಿಸಕೂಡದು, ಚೀಟಿ ನೋಡಿ ಧಾನ್ಯ ಕೊಟ್ಟು ಪ್ರತ್ಯೇಕ ವಹಿಯಲ್ಲಿ ದಾಖಲಿಸಬೇಕು ಎಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತು. 2021ರಲ್ಲಿ 18ರಿಂದ 44 ವರ್ಷದವರಿಗೆ ಕೋವಿಡ್ ಲಸಿಕೆ ಪಡೆಯಲು ಕೋವಿನ್ ನೋಂದಣಿ ಕಡ್ಡಾಯಗೊಳಿಸಿದ್ದನ್ನು ಸುಪ್ರೀಂ ಕೋರ್ಟ್ ಪ್ರಶ್ನಿಸಿತು. ಅದೇ ನ್ಯಾಯಾಲಯ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಕಣ್ಣು ಮಿಟುಕಿಸಿ ಗುರುತು ಸಾಬೀತುಪಡಿಸಬೇಕೆಂಬ ಕ್ರಮ ಅಂಧರಿಗೂ ಆಸಿಡ್ ದಾಳಿಗೆ ತುತ್ತಾದವರಿಗೂ ಅಸಾಧ್ಯವಾದುದರಿಂದ, ಇ-ಕೆವೈಸಿ ವಿಧಾನವನ್ನು ಬದಲಿಸುವಂತೆಯೂ ಆದೇಶಿಸಿತು.

ಹೆಬ್ಬೆಟ್ಟು ಮೂಡದ ಪಡಿತರ ಚೀಟಿದಾರರು ಅಂಗಡಿಯಲ್ಲಿ ಕೇಳಬೇಕಾದದ್ದು ಮೇಲೆ ಹೇಳಿದ ವಹಿಯನ್ನು. ನಿರಾಕರಿಸಿದರೆ ತಾಲ್ಲೂಕು ಕಚೇರಿಯ ಆಹಾರ ಶಿರಸ್ತೇದಾರರಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು ಒಳಿತು. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ನೀಡಲೂ ಅವಕಾಶವಿದೆ.