ಹಳೆಯ ವ್ಯಾನು, ಕಪ್ಪು ತೈಲ ಮತ್ತು ಶಿವಪ್ಪನಾಯಕನ ಶಿಸ್ತು

ನಮ್ಮ ಮಲೆನಾಡಿನಲ್ಲಿ ವ್ಯಾನನ್ನು ಯಾರೂ ಐಷಾರಾಮಕ್ಕೆಂದು ಕೊಂಡವರಲ್ಲ. ಮಾರುತಿ ಕಂಪನಿಯು 1984ರಲ್ಲಿ ಹೊರತಂದ, ಮುಂದೆ ಓಮ್ನಿ ಎಂಬ ಹೆಸರು ಪಡೆದ ಪುಟ್ಟ ವ್ಯಾನು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಮೂಟೆ ಹೊತ್ತಿದೆ, ಮದುವೆಯ ದಿಬ್ಬಣ ಸಾಗಿಸಿದೆ, ನಡುರಾತ್ರಿಯಲ್ಲಿ ರೋಗಿಯನ್ನು ಮಲಗಿಸಿಕೊಂಡು ಆಗುಂಬೆ ಅಥವಾ ಹುಲಿಕಲ್ ಘಾಟಿಯನ್ನಿಳಿದು ಮಣಿಪಾಲವನ್ನು ಮುಟ್ಟಿಸಿದೆ. ಅದರ ತಯಾರಿಕೆ 2019ರಲ್ಲಿ ನಿಂತುಹೋಯಿತು. ಆದರೂ ಲಕ್ಷ, ಒಂದೂವರೆ ಲಕ್ಷ ಕಿ.ಮೀ. ಓಡಿದ ಓಮ್ನಿಗಳು ಇಂದಿಗೂ ಅನೇಕರ ಅಂಗಳದಲ್ಲಿವೆ. "ಈ ಎಂಜಿನ್ನನ್ನು ಇನ್ನೂ ನಂಬಬಹುದೇ, ಮಾರಿಬಿಡಬೇಕೇ?" ಎಂಬ ಪ್ರಶ್ನೆಯನ್ನು ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಆಗಾಗ ಎತ್ತುತ್ತಾರೆ. ಘಾಟಿಯ ನಡುವೆ ಎಂಜಿನ್ ಕೈಕೊಟ್ಟರೆ ಒಳಗಿರುವ ರೋಗಿಯ ಗತಿಯೇನು ಎಂಬ ಚಿಂತೆ ಆ ಪ್ರಶ್ನೆಯ ಹಿಂದಿದೆ. ಉತ್ತರ ಹೇಳುವ ಒಂದು ವಿದ್ಯೆಯಿದೆ. ಅದಕ್ಕೊಂದು ಸ್ವಾರಸ್ಯವಾದ ಇತಿಹಾಸವೂ ಇದೆ.

ಹಿಂದೆ ಈ ಪರೀಕ್ಷೆ ಮೆಕ್ಯಾನಿಕರ ಬೆರಳ ತುದಿಯಲ್ಲಿತ್ತು. 1991ರಲ್ಲಿ ನೌಕರರೇ ಸೇರಿ ಕಟ್ಟಿ, 2020ರವರೆಗೆ ನಡೆಸಿದ ಕೊಪ್ಪದ ಸಹಕಾರ ಸಾರಿಗೆಯಂತಹ ಸಂಸ್ಥೆಗಳ ಬಸ್ಸುಗಳು ಮಳೆ ಕೆಸರೆನ್ನದೆ ಓಡುತ್ತಿದ್ದ ಕಾಲದಲ್ಲಿ, ಅನುಭವಿಗಳು ಅಳತೆ ಕಡ್ಡಿಗೆ ಅಂಟಿದ ತೈಲವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಬೇರಿಂಗಿನ ಸದ್ದು ಆಲಿಸುತ್ತಿದ್ದರು. ನೀಲಿ ಹೊಗೆ ಬಂದರೆ ತೈಲ ಉರಿಯುತ್ತಿದೆ ಎಂದು ತಿಳಿಯುತ್ತಿದ್ದರು. ಇದು ನಿಜವಾದ ವಿದ್ಯೆಯೇ. ಕೊರತೆ ಒಂದೇ: ಬೆರಳಿಗೂ ಕಿವಿಗೂ ಗೊತ್ತಾಗುವ ಹೊತ್ತಿಗೆ ಸವೆತ ಬಹಳ ಮುಂದುವರಿದಿರುತ್ತಿತ್ತು.

ಈ ಕೊರತೆಯನ್ನು ಮೊದಲು ನೀಗಿಸಿದ್ದು ರೈಲ್ವೆ. ಶಿವಮೊಗ್ಗದ ಮೀಟರ್ ಗೇಜ್ ಹಳಿ 1940ರ ವೇಳೆಗೆ ಸಾಗರವನ್ನು ಹಾದು ತಾಳಗುಪ್ಪ ತಲಪಿತು. ಬ್ರಾಡ್ ಗೇಜ್ ಆದದ್ದು 2011ರಲ್ಲಿ. ಆ ಹಳಿಯ ಮೇಲೆ ಉಗಿಬಂಡಿ ಕಂಡವರಿಗೆ ನೆನಪಿರಬಹುದು, ಅದರ ತೋಳುಗಳೂ ಕೀಲುಗಳೂ ಹೊರಗೇ ಕಾಣುತ್ತಿದ್ದವು. ನಿಲ್ದಾಣದಲ್ಲಿ ಕೆಳಗಿಳಿದು ಕೈಯಿಟ್ಟು ನೋಡಿದರೆ ಯಾವ ಬೇರಿಂಗ್ ಬಿಸಿಯಾಗಿದೆ ಎಂದು ಚಾಲಕನಿಗೆ ತಿಳಿಯುತ್ತಿತ್ತು. ಡೀಸೆಲ್ ಎಂಜಿನ್ನು ಇವನ್ನೆಲ್ಲ ಉಕ್ಕಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟಿತು. ಆ ಪೆಟ್ಟಿಗೆಯ ಮೂಲೆಮೂಲೆಗೂ ಹೋಗಿ, ಪ್ರತಿಯೊಂದು ಭಾಗವನ್ನೂ ಸವರಿ, ಬಿಚ್ಚದೆಯೇ ಹೊರಗೆ ತೆಗೆಯಬಹುದಾದ ಸಾಕ್ಷಿ ತೈಲ. ಅಮೆರಿಕದ ಪರ್ವತಸೀಮೆಯ ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ರೈಲ್ವೆಯ ಪ್ರಯೋಗಾಲಯವು 1946ರಲ್ಲಿ, ಬಳಸಿದ ತೈಲದಲ್ಲಿರುವ ಲೋಹಗಳನ್ನು ಅಳೆದು ಎಂಜಿನ್ನಿನ ದೋಷವನ್ನು ಮುಂಚಿತವಾಗಿ ಗುರುತಿಸಿತು. 1955ರ ಸುಮಾರಿಗೆ ಅಲ್ಲಿಯ ನೌಕಾಪಡೆ ಇದನ್ನು ವಿಮಾನಗಳ ಎಂಜಿನ್ನಿಗೆ ಅಳವಡಿಸಿತು. ವಾರಾಣಸಿಯಲ್ಲಿ 1964ರಿಂದ ಡೀಸೆಲ್ ಎಂಜಿನ್ನುಗಳನ್ನು ತಯಾರಿಸಿದ ನಮ್ಮ ರೈಲ್ವೆಯೂ ತನ್ನ ಡೀಸೆಲ್ ಶೆಡ್ಡುಗಳಲ್ಲಿ ತೈಲ ಪರೀಕ್ಷೆಯ ಪ್ರಯೋಗಾಲಯಗಳನ್ನು ಇರಿಸಿತು.

ವಿಧಾನದ ತಿರುಳು ಸರಳವಾದುದು. ತೈಲದ ಹನಿಯನ್ನು ವಿದ್ಯುತ್ ಕಿಡಿಯಲ್ಲಿ ಉರಿಸಿದರೆ ಒಂದೊಂದು ಧಾತುವೂ ತನಗೇ ವಿಶಿಷ್ಟವಾದ ಬೆಳಕನ್ನು ಸೂಸುತ್ತದೆ. ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ಜರ್ಮನ್ ವಿಜ್ಞಾನಿಗಳು 1860ರ ಸುಮಾರಿಗೆ ರೂಪಿಸಿದ ರೋಹಿತ ವಿಶ್ಲೇಷಣೆ ಇದು. 1868ರ ಸೂರ್ಯಗ್ರಹಣದಲ್ಲಿ ಫ್ರಾನ್ಸಿನ ಜಾನ್ಸೆನ್ ನಮ್ಮ ದೇಶದ ಗುಂಟೂರಿನಲ್ಲಿ ನಿಂತು ಸೂರ್ಯನ ಜ್ವಾಲೆಗಳನ್ನು ಪರೀಕ್ಷಿಸಿದ್ದೂ ಇದರಿಂದಲೇ. ಹತ್ತು ಲಕ್ಷ ಪಾಲು ತೈಲದಲ್ಲಿ ಕೆಲವೇ ಪಾಲು ಲೋಹವಿದ್ದರೂ ಅದು ಪತ್ತೆಯಾಗುತ್ತದೆ. ಕಬ್ಬಿಣ ಹೆಚ್ಚಿದರೆ ಸಿಲಿಂಡರ್, ಕ್ಯಾಮ್ ಶಾಫ್ಟ್ ಮೊದಲಾದುವುಗಳ ಸವೆತ, ಅಲ್ಯೂಮಿನಿಯಂ ಪಿಸ್ಟನ್ನಿನದು, ಕ್ರೋಮಿಯಂ ಸಾಮಾನ್ಯವಾಗಿ ರಿಂಗುಗಳದು, ತಾಮ್ರ, ಸೀಸ, ತವರಗಳು ಬೇರಿಂಗಿನವು. ಸಿಲಿಕಾನ್ ಬಂದರೆ ಬಹುಮಟ್ಟಿಗೆ ಧೂಳು. ಬೇಸಿಗೆಯಲ್ಲಿ ನಮ್ಮ ಕೆಮ್ಮಣ್ಣಿನ ರಸ್ತೆಗಳಲ್ಲಿ ಓಡಿದ ವ್ಯಾನಿನಲ್ಲಿ ಸಿಲಿಕಾನೂ ಕಬ್ಬಿಣವೂ ಒಟ್ಟಿಗೆ ಏರಿದರೆ, ಏರ್ ಫಿಲ್ಟರನ್ನು ನೋಡಿರೆಂದೇ ಅರ್ಥ. ಹರಳು ಧೂಳು ಒಳಹೊಕ್ಕು ಮರಳುಕಾಗದದಂತೆ ಉಜ್ಜುತ್ತಿರುತ್ತದೆ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ರೇಡಿಯೇಟರಿನ ದ್ರವ ಒಳಗೆ ಸೋರುತ್ತಿರಬಹುದು. ತೈಲ ತೆಳುವಾಗಿದ್ದರೆ ಪೆಟ್ರೋಲು ಬೆರೆತಿರಬಹುದು. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡು ಮೂರು ಕಿ.ಮೀ. ಮಾತ್ರ ಓಡುವ ವ್ಯಾನು ಸರಿಯಾಗಿ ಬಿಸಿಯಾಗುವುದೇ ಇಲ್ಲ. ನೀರಿನಂಶ ಆವಿಯಾಗದೆ ತೈಲದಲ್ಲೇ ಉಳಿಯುತ್ತದೆ.

ಆದರೆ ಒಂದೇ ವರದಿಯನ್ನು ಹಿಡಿದು ತೀರ್ಪು ಕೊಡುವಂತಿಲ್ಲ. ಇಲ್ಲಿ ನನಗೆ ನೆನಪಾಗುವವನು 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ. ಕೆಳದಿ ಸಾಗರ ತಾಲ್ಲೂಕಿನಲ್ಲಿದೆ, ರಾಜಧಾನಿ ಬಿದನೂರು ಹೊಸನಗರದಲ್ಲಿದೆ, ಕವಲೇದುರ್ಗ ತೀರ್ಥಹಳ್ಳಿಯಲ್ಲಿದೆ; ಆದ್ದರಿಂದ ಅವನು ಈ ಮೂರು ತಾಲ್ಲೂಕುಗಳಿಗೂ ಸೇರಿದವನು. ಅವನ ಕಂದಾಯ ವ್ಯವಸ್ಥೆಯೇ 'ಶಿಸ್ತು'. ಬಿ. ಎಲ್. ರೈಸ್ ದಾಖಲಿಸಿರುವಂತೆ, ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಒಂದೊಂದು ಹೊಲವನ್ನು 12 ವರ್ಷ ತಾನೇ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಫಸಲು, ಬೆಲೆ ಎಲ್ಲವನ್ನೂ ಬರೆಸಿ, ಸರಾಸರಿ ತೆಗೆದು, ಮೂರನೆಯ ಒಂದು ಪಾಲನ್ನು ಅರಮನೆಗೆ ನಿಗದಿ ಮಾಡಿದನಂತೆ. ಒಂದು ವರ್ಷದ ಫಸಲು ಭೂಮಿಯ ಗುಣವನ್ನು ಹೇಳದು ಎಂಬುದು ಅವನಿಗೆ ಗೊತ್ತಿತ್ತು.

ಎಂಜಿನ್ನಿನ ವಿಷಯದಲ್ಲಿಯೂ ಹೀಗೆಯೇ. ಉದಾಹರಣೆಗೆ, ಸಮಾನ ದೂರದ ಮೂರು ಪರೀಕ್ಷೆಗಳಲ್ಲಿ ಒಂದು ವ್ಯಾನಿನ ಕಬ್ಬಿಣ 30, 32, 31 ಎಂದೂ ಮತ್ತೊಂದರದು 12, 20, 45 ಎಂದೂ ಬಂದಿತೆನ್ನಿ. ಮೊದಲ ವರದಿಯಷ್ಟನ್ನೇ ನೋಡಿದವರು ಎರಡನೆಯ ವ್ಯಾನನ್ನೇ ಮೆಚ್ಚುವರು. ಮೂರನ್ನೂ ನೋಡಿದವರಿಗೆ ಮೊದಲನೆಯದು ಮುಪ್ಪಾದರೂ ಸ್ಥಿರವಾಗಿದೆ, ಎರಡನೆಯದು ರೋಗ ಹಿಡಿಸಿಕೊಂಡಿದೆ ಎಂಬುದು ಕಾಣುತ್ತದೆ.

ಈ ಪರೀಕ್ಷೆಗೆ ಮಿತಿಗಳೂ ಉಂಟು. ಕಿಡಿಯಲ್ಲಿ ಪೂರ್ಣವಾಗಿ ಉರಿಯುವುದು ಅತಿ ಸೂಕ್ಷ್ಮ ಕಣಗಳು ಮಾತ್ರ. ಒಮ್ಮೆಗೇ ಮುರಿದು ಉದುರಿದ ದೊಡ್ಡ ಚೂರುಗಳು ವರದಿಯಲ್ಲಿ ಕಾಣದೆ ಹೋಗಬಹುದು; ಅವುಗಳಿಗಾಗಿ ಹಳೆಯ ಫಿಲ್ಟರನ್ನು ಕತ್ತರಿಸಿ ನೋಡಬೇಕು. ಬ್ರೇಕು, ಟೈಮಿಂಗ್ ಬೆಲ್ಟು, ತುಕ್ಕು ಹಿಡಿದ ತಳ ಇವುಗಳ ಬಗೆಗೆ ತೈಲವೇನೂ ಹೇಳದು. ಘಾಟಿ ಇಳಿಯುವವರು ಇದನ್ನು ಮರೆಯಬಾರದು.

ಮಾದರಿ ತೆಗೆಯುವವರಿಗೆ ಕೆಲವು ಸೂಚನೆಗಳು. ಎಂಜಿನ್ ಬಿಸಿಯಿರುವಾಗ, ತೈಲ ಸ್ವಲ್ಪ ಹರಿದ ಮೇಲೆ, ಒಣಗಿದ ಶುಭ್ರ ಸೀಸೆಯಲ್ಲಿ ಹಿಡಿಯಿರಿ. ಓಡಿದ ಒಟ್ಟು ದೂರ, ತೈಲ ಬದಲಿಸಿದ ಮೇಲೆ ಓಡಿದ ದೂರ, ನಡುವೆ ತುಂಬಿಸಿದ ತೈಲ ಇವನ್ನು ಬರೆದಿಡಿ. ಹೊಸ ತೈಲ ಬೆರೆತರೆ ಲೋಹದ ಅಂಶ ಕಡಿಮೆಯಾದಂತೆ ತೋರುತ್ತದೆ. ಪ್ರತಿ ಸಲವೂ ಒಂದೇ ಪ್ರಯೋಗಾಲಯಕ್ಕೆ ಕಳಿಸಿರಿ. ಪರೀಕ್ಷೆಗೆ ಹಣವಿಲ್ಲದಿದ್ದರೂ ಒಂದು ನೋಟ್‌ಬುಕ್ ವ್ಯಾನಿನಲ್ಲಿರಲಿ. ಸಾವಿರ ಕಿ.ಮೀ.ಗೆ ಎಷ್ಟು ತೈಲ ಇಳಿಯಿತು ಎಂಬುದನ್ನು ವರ್ಷವಿಡೀ ಬರೆದರೆ ಅದೂ ಒಂದು ಬಗೆಯ ಶಿಸ್ತೇ. ಆ ಅಂಕಿ ಸ್ಥಿರವಾಗಿದ್ದರೆ ಹಳೆಯ ಎಂಜಿನ್ನಿಗೆ ಹೆದರಬೇಕಿಲ್ಲ. ಏರುತ್ತಲೇ ಹೋದರೆ ಮಳೆಗಾಲಕ್ಕೆ ಮುನ್ನವೇ ಮೆಕ್ಯಾನಿಕರ ಬಳಿಗೆ ಒಯ್ಯಿರಿ. ಆಷಾಢದ ರಾತ್ರಿಯಲ್ಲಿ ಆಗುಂಬೆಯ ತಿರುವಿನ ನಡುವೆ ತಿಳಿದರೆ ಪ್ರಯೋಜನವಿಲ್ಲ.