ಜಾಝ್ ಸಂಗೀತದ ಕೂಡುಕಂಠದ ಮೇಳಗಳು

ಪಾಶ್ಚಾತ್ಯ ಲಘುಸಂಗೀತದ ಚರಿತ್ರೆಯಲ್ಲಿ ಏಕಗಾಯಕನಿಗೆ ಸಂದ ಕೀರ್ತಿಯ ಅರ್ಧಪಾಲೂ ಕೂಡಿ ಹಾಡಿದವರಿಗೆ ಸಂದಿಲ್ಲ. ಆದರೂ 1930ರ ದಶಕದಿಂದ ಮೊದಲುಗೊಂಡು ಅಮೆರಿಕದ ಜಾಝ್ ಸಂಗೀತದ ಮಡಿಲಲ್ಲಿ ಬೆಳೆದ, ಮೂರೋ ನಾಲ್ಕೋ ಕಂಠಗಳ ಚಿಕ್ಕ ಮೇಳಗಳ ಧ್ವನಿಮುದ್ರಿಕೆಗಳು, ಅವುಗಳನ್ನು ಹಾಡಿದವರು ಕಾಲವಾದ ಬಳಿಕವೂ, ಅವು ಹುಟ್ಟಿದ ಗ್ರಾಮೋಫೋನ್ ಯುಗವೇ ಕಳೆದುಹೋದ ಬಳಿಕವೂ, ಹೊಸ ಹೊಸ ಶ್ರೋತೃಗಳನ್ನು ಸಂಪಾದಿಸುತ್ತಲೇ ಬಂದಿವೆ. ಗತಕಾಲದ ಮೋಹವೊಂದರಿಂದಲೇ ಇಂತಹ ಬಾಳಿಕೆ ಒದಗಲಾರದು. ಅದರ ಕಾರಣವನ್ನು ಆ ಗಾನದ ರಚನೆಯಲ್ಲಿಯೂ ಅದನ್ನು ಕಟ್ಟಿದವರ ಚರಿತ್ರೆಯಲ್ಲಿಯೂ ಅರಸಬೇಕು.

ರಾಗವನ್ನೇ ಸಂಗೀತದ ಪ್ರಾಣವೆಂದು ಬಗೆಯುವ ನಮ್ಮಲ್ಲಿ ಹಲವರು ಕೂಡಿ ಹಾಡುವುದೆಂದರೆ ಎಲ್ಲರೂ ಒಂದೇ ಶ್ರುತಿಗೆ ಸೇರಿ ಒಂದೇ ಸ್ವರವನ್ನು ಹಾಡುವುದು. ಈ ಮೇಳಗಳ ಮಾರ್ಗ ಬೇರೆ. ಒಂದು ಕಂಠವು ಷಡ್ಜದಲ್ಲಿ ನಿಂತಾಗ ಮತ್ತೊಂದು ಗಾಂಧಾರದಲ್ಲಿಯೂ ಮೂರನೆಯದು ಪಂಚಮದಲ್ಲಿಯೂ ನಾಲ್ಕನೆಯದು ಧೈವತದಲ್ಲಿಯೋ ನಿಷಾದದಲ್ಲಿಯೋ ನಿಲ್ಲುತ್ತವೆ. ಈ ನಾಲ್ಕು ಸ್ವರಗಳೂ ಬಹುಮಟ್ಟಿಗೆ ಒಂದೇ ಸ್ಥಾಯಿಯ ಎಲ್ಲೆಯೊಳಗೆ ಒತ್ತೊತ್ತಾಗಿ ಸೇರಿ, ಹಾಡಿನ ಅಕ್ಷರ ಅಕ್ಷರಕ್ಕೂ ಏಕಕಾಲದಲ್ಲಿ ಚಲಿಸುತ್ತವೆ. ಮೇಲಿನ ಕಂಠಕ್ಕೆ ಹಾಡಿನ ಧಾಟಿಯೇನೋ ದೊರೆಯುತ್ತದೆ. ಆದರೆ ನಡುವಿನ ಕಂಠಗಳ ಪಾಲಿಗೆ ಬರುವುದು, ಒಂಟಿಯಾಗಿ ಹಾಡಿಕೊಂಡರೆ ಸೊಗಸೆನಿಸದ, ಕೆಲವೇ ಸ್ವರಗಳ ನಡುವೆ ಸುಳಿದಾಡುವ ಒಂದು ಎಳೆ ಮಾತ್ರ. ಆ ಎಳೆಯನ್ನು ಹಿಡಿದವನು ಶ್ರುತಿಯಲ್ಲಿ ತುಸುವೇ ತಪ್ಪಿದರೂ ಇಡೀ ರಚನೆ ಸಡಿಲಗೊಳ್ಳುತ್ತದೆ. ತಪ್ಪದೆ ಹಾಡಿದನೆಂದರೆ ಅವನೊಬ್ಬನಿದ್ದಾನೆಂಬುದೇ ಕೇಳುವವರಿಗೆ ತಿಳಿಯುವುದಿಲ್ಲ.

ಈ ಕಲೆಯ ಬೇರುಗಳಲ್ಲೊಂದು ಕ್ಷೌರದ ಅಂಗಡಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆಫ್ರಿಕನ್ ಅಮೆರಿಕನ್ನರ ಕ್ಷೌರದಂಗಡಿಗಳು, ಬಂದವರು ನಾಲ್ವರು ಸೇರಿ ಸ್ವರಕ್ಕೆ ಸ್ವರ ಹೊಂದಿಸಿ ಹಾಡುವ ಗಾನಶಾಲೆಗಳೂ ಆಗಿದ್ದವು. ಓಹಾಯೋ ರಾಜ್ಯದ ಪಿಕ್ವೆ ಎಂಬ ಸಣ್ಣ ಊರಿನಲ್ಲಿ ಅಂತಹುದೇ ಅಂಗಡಿಯನ್ನಿಟ್ಟುಕೊಂಡು, ತಾನೂ ಅಂತಹ ಮೇಳವೊಂದರಲ್ಲಿ ಹಾಡುತ್ತಿದ್ದ ಜಾನ್ ಮಿಲ್ಸ್ ಎಂಬಾತನ ನಾಲ್ವರು ಮಕ್ಕಳಾದ ಜಾನ್, ಹರ್ಬರ್ಟ್, ಹ್ಯಾರಿ ಮತ್ತು ಡೊನಾಲ್ಡರೇ ಮುಂದೆ ಮಿಲ್ಸ್ ಸೋದರರೆಂದು ವಿಖ್ಯಾತರಾದವರು. ಊರಿನ ಸ್ಪರ್ಧೆಯೊಂದರಲ್ಲಿ ತನ್ನ ಆಟಿಕೆಯಂತಹ ಊದುವಾದ್ಯ ಕಾಣದೆ ಹೋದಾಗ ಹ್ಯಾರಿಯು ಅಂಗೈಗಳನ್ನು ಬಾಯಿಗೆ ಮುಚ್ಚಿಕೊಂಡು ಟ್ರಂಪೆಟ್ಟಿನ ನಾದವನ್ನು ಹೊರಡಿಸಿದನೆಂದು ಪ್ರತೀತಿಯಿದೆ. ಕಥೆಯ ನಿಜಾಂಶ ಎಷ್ಟೇ ಇರಲಿ, ಕಂಠದಿಂದಲೇ ಟ್ರಂಪೆಟ್, ಟ್ಯೂಬಾ ಮೊದಲಾದ ವಾದ್ಯಗಳನ್ನು ಅನುಕರಿಸುವುದು ಅವರ ಮುದ್ರೆಯಾಯಿತು. ಗಿಟಾರೊಂದರ ಹೊರತು ಬೇರಾವ ವಾದ್ಯವನ್ನೂ ಬಳಸಿಲ್ಲವೆಂದು ಧ್ವನಿಮುದ್ರಿಕೆಯ ಚೀಟಿಯ ಮೇಲೆಯೇ ಅಚ್ಚು ಹಾಕಿಸಬೇಕಾಯಿತು. 1931ರ ‘ಟೈಗರ್ ರ‍್ಯಾಗ್’ ಅವರನ್ನು ದೇಶದಾದ್ಯಂತ ಪರಿಚಯಿಸಿತು. 1936ರಲ್ಲಿ ಹಿರಿಯ ಮಗ ಜಾನ್ ಅಕಾಲಮರಣಕ್ಕೆ ತುತ್ತಾದಾಗ ಅವನ ಮಂದ್ರಕಂಠದ ಎಡೆಯಲ್ಲಿ ತಂದೆಯೇ ಬಂದು ನಿಂತನು. 1943ರಲ್ಲಿ 12 ವಾರಗಳ ಕಾಲ ಅಮೆರಿಕದ ಜನಪ್ರಿಯತೆಯ ಪಟ್ಟಿಯ ಶಿಖರದಲ್ಲಿದ್ದ ‘ಪೇಪರ್ ಡಾಲ್’ ಎಂಬ ಗೀತದಲ್ಲಿ ಕೇಳಿಬರುವುದು ಹೀಗೆ ಮಗನ ಸ್ಥಾನವನ್ನು ತುಂಬಿದ ಆ ತಂದೆಯ ಕಂಠವೇ.

ಮನೆಯೊಳಗಿನ ಈ ಗಾನವನ್ನು ಲೋಕಕ್ಕೆ ಮುಟ್ಟಿಸಿದ್ದು ಮೈಕ್ರೊಫೋನ್. 1925ರ ಸುಮಾರಿಗೆ ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಕ್ರಮ ಬಳಕೆಗೆ ಬರುವವರೆಗೆ ಗಾಯಕರು ದೊಡ್ಡ ಕಹಳೆಯೊಂದರೊಳಕ್ಕೆ ಎತ್ತರಿಸಿದ ದನಿಯಲ್ಲಿ ಹಾಡಬೇಕಾಗಿದ್ದಿತು. ಹಾಗೆ ಹಾಡಿದಾಗ ಪಿಸುನುಡಿಯಷ್ಟು ಮೃದುವಾದ ಮಿಶ್ರಣಕ್ಕೆ ಅವಕಾಶವೇ ಇರಲಿಲ್ಲ. ಹೊಸ ಉಪಕರಣದ ಪೂರ್ಣಪ್ರಯೋಜನವನ್ನು ಪಡೆದವರಲ್ಲಿ ಅಗ್ರಗಣ್ಯರು ನ್ಯೂ ಆರ್ಲಿಯನ್ಸ್ ನಗರದ ಬಾಸ್ವೆಲ್ ಸೋದರಿಯರಾದ ಮಾರ್ತಾ, ಕಾನಿ ಮತ್ತು ವೆಟ್. ಪಿಯಾನೋ, ಚೆಲೋ, ಪಿಟೀಲುಗಳಲ್ಲಿ ಶಾಸ್ತ್ರೀಯ ಶಿಕ್ಷಣವನ್ನು ಪಡೆದು, ತಮ್ಮ ಊರಿನ ಜಾಝನ್ನೂ ಕಿವಿತುಂಬ ಕೇಳಿ ಬೆಳೆದ ಈ ಮೂವರು, ಪ್ರಚಲಿತ ಗೀತವೊಂದನ್ನು ಕೈಗೆತ್ತಿಕೊಂಡರೆಂದರೆ ನಡುವೆಯೇ ಅದರ ಲಯವನ್ನು ಇಳಿಸಿ, ಮತ್ತೆ ಏರಿಸಿ, ಶ್ರುತಿಯನ್ನು ಬದಲಿಸಿ, ಅರ್ಥವಿಲ್ಲದ ಅಕ್ಷರಗಳ ಆಟವನ್ನು ಹೆಣೆದು, ಮೂಲ ರಚಕನೇ ಗುರುತಿಸಲಾರದಂತಹ ಹೊಸ ಕೃತಿಯನ್ನಾಗಿಸುತ್ತಿದ್ದರು. ಬಾಲ್ಯದಲ್ಲಿಯೇ ನಡೆಯುವ ಶಕ್ತಿಯನ್ನು ಕಳೆದುಕೊಂಡು, ಕುಳಿತೇ ಹಾಡುತ್ತಿದ್ದ ಕಾನಿಯ ಪ್ರಭಾವ ಎಷ್ಟಿತ್ತೆಂದರೆ, 1934ರ ನವೆಂಬರಿನಲ್ಲಿ ನ್ಯೂಯಾರ್ಕಿನ ಅಪೊಲೊ ರಂಗಮಂದಿರದ ಸ್ಪರ್ಧೆಗೆ ನರ್ತಿಸಲೆಂದು ಬಂದು, ಧೈರ್ಯಗುಂದಿ, ಹಾಡಲು ನಿಶ್ಚಯಿಸಿದ ಹದಿನೇಳರ ಹರೆಯದ ಎಲ್ಲಾ ಫಿಟ್ಜೆರಾಲ್ಡ್ ಆಶ್ರಯಿಸಿದ್ದು ಅವಳ ಶೈಲಿಯನ್ನೇ. ಮೂವರು ಕೂಡಿ ಹಾಡುವುದು 1936ಕ್ಕೆ ಮುಗಿಯಿತು. ಅವರ ಹಾದಿಯಲ್ಲಿ ಬಂದ ಮಿನಿಯಾಪೊಲಿಸ್ಸಿನ ಆಂಡ್ರ್ಯೂಸ್ ಸೋದರಿಯರು ಯುದ್ಧಕಾಲದಲ್ಲಿ ಇನ್ನೂ ಹೆಚ್ಚಿನ ಜನಪ್ರೀತಿಯನ್ನು ಗಳಿಸಿದರು.

ಅಟ್ಲಾಂಟಿಕ್ಕಿನ ಆಚೆಯ ಕಥೆ ದುಃಖಾಂತವಾದುದು. 1927ರ ಡಿಸೆಂಬರಿನಲ್ಲಿ ಹ್ಯಾರಿ ಫ್ರೊಮರ್ಮನ್ ಎಂಬ ತರುಣನು ಅಮೆರಿಕದ ‘ರೆವೆಲರ್ಸ್’ ಮೇಳದ ಧ್ವನಿಮುದ್ರಿಕೆಗಳಿಗೆ ಮನಸೋತು, ಗಾಯಕರು ಬೇಕೆಂದು ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟನು. ಅದರಿಂದ ಹುಟ್ಟಿದ ‘ಕಮೀಡಿಯನ್ ಹಾರ್ಮನಿಸ್ಟ್ಸ್’, ಐವರು ಗಾಯಕರೂ ಒಬ್ಬ ಪಿಯಾನೋ ವಾದಕನೂ ಇದ್ದ ಮೇಳ, ಕೆಲವೇ ವರ್ಷಗಳಲ್ಲಿ ಯೂರೋಪನ್ನು ಗೆದ್ದಿತು. ಅವರಲ್ಲಿ ಮೂವರು ಯೆಹೂದ್ಯರು. 1935ರಲ್ಲಿ ನಾಜಿ ಸರ್ಕಾರ ಅವರು ಒಂದಾಗಿ ಹಾಡುವುದನ್ನು ನಿಷೇಧಿಸಿತು. ದೇಶ ಬಿಟ್ಟ ಮೂವರು ವಿಯೆನ್ನಾದಲ್ಲಿ ಒಂದು ಮೇಳವನ್ನೂ ಉಳಿದವರು ಬರ್ಲಿನ್ನಿನಲ್ಲಿ ಮತ್ತೊಂದನ್ನೂ ಕಟ್ಟಿದರು. ಎರಡೂ ಮೊದಲಿನ ಎತ್ತರವನ್ನು ಮುಟ್ಟಲಿಲ್ಲ. ಓಹಾಯೋದಲ್ಲಿ ಮಗನ ಎಡೆಯನ್ನು ತಂದೆ ತುಂಬಲು ಸಾಧ್ಯವಾಯಿತು, ಏಕೆಂದರೆ ಅವನ ಕಿವಿಯೂ ಅದೇ ಮನೆಯದಾಗಿದ್ದಿತು. ರಾಜಾಜ್ಞೆಯಿಂದ ಹರಿದ ಬೆಸುಗೆಯನ್ನು ಹೊಸಬರ ಸೇರ್ಪಡೆಯಿಂದ ಸರಿಪಡಿಸಲಾಗಲಿಲ್ಲ.

ಯುದ್ಧಾನಂತರ ಈ ಕಲೆಯ ವ್ಯಾಕರಣವೇ ವಿಸ್ತಾರಗೊಂಡಿತು. 1948ರಲ್ಲಿ ಇಂಡಿಯಾನಾಪೊಲಿಸ್ಸಿನ ಸಂಗೀತ ವಿದ್ಯಾರ್ಥಿಗಳು ಕಟ್ಟಿದ ‘ಫೋರ್ ಫ್ರೆಶ್‌ಮೆನ್’ ಮೇಳವು ಸ್ವರಗಳನ್ನು ಒಂದು ಸ್ಥಾಯಿಯಾಚೆಗೂ ಹರಡಿ, ನಾಲ್ಕು ಕಂಠಗಳಿಂದ ಐದಾರು ಕಂಠಗಳ ಭ್ರಮೆಯನ್ನು ತಂದಿತು. ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಎಳೆಎಳೆಯಾಗಿ ಬಿಡಿಸಿ ಕಲಿತ ಬಾಲಕ ಬ್ರಯನ್ ವಿಲ್ಸನ್ ಮುಂದೆ ‘ಬೀಚ್ ಬಾಯ್ಸ್’ ಮೇಳದ ಶಿಲ್ಪಿಯಾದನು. ಜೀನ್ ಪ್ಯೂರ್ಲಿಂಗನ ‘ಹೈ-ಲೋಸ್’ ಮೇಳ 1953ರಲ್ಲಿ ಹುಟ್ಟಿತು. 1957ರಲ್ಲಿ ಡೇವ್ ಲ್ಯಾಂಬರ್ಟ್, ಜಾನ್ ಹೆಂಡ್ರಿಕ್ಸ್ ಮತ್ತು ಆನಿ ರಾಸ್ ಎಂಬ ಮೂವರು, ಬಾಡಿಗೆಗೆ ಕರೆತಂದ ಗಾಯಕರಿಗೆ ಜಾಝಿನ ಲಯ ಹಿಡಿಯದಿರಲಾಗಿ, ತಮ್ಮ ಕಂಠಗಳನ್ನೇ ಒಂದರ ಮೇಲೊಂದು ಮುದ್ರಿಸಿ, ಕೌಂಟ್ ಬೇಸಿಯ ಇಡೀ ವಾದ್ಯವೃಂದವನ್ನು ಮಾತಿಗೆ ಇಳಿಸಿದರು. ಆ ಹೆಂಡ್ರಿಕ್ಸನೇ 1985ರಲ್ಲಿ ‘ಮ್ಯಾನ್‌ಹಟನ್ ಟ್ರಾನ್ಸ್‌ಫರ್’ ಮೇಳದ ‘ವೋಕಲೀಸ್’ ಸಂಪುಟಕ್ಕೆ ಸಾಹಿತ್ಯವನ್ನು ರಚಿಸಿ ಎರಡು ತಲೆಮಾರುಗಳನ್ನು ಬೆಸೆದನು.

ಏಕಗಾಯಕನ ಹಾಡು ಅವನ ವ್ಯಕ್ತಿತ್ವವನ್ನು ಆಶ್ರಯಿಸಿ ನಿಂತಿರುವುದರಿಂದ ಅಭಿರುಚಿ ಬದಲಾದಂತೆ ಅದೂ ಹಳತಾಗುವ ಸಂಭವವುಂಟು. ಆದರೆ ಪರಸ್ಪರ ಆಲಿಸುವ ಶಿಸ್ತಿನಿಂದಲೇ ಹುಟ್ಟುವ ಸ್ವರಸಾಮರಸ್ಯಕ್ಕೆ ಯಾರೊಬ್ಬನ ಮುಖವೂ ಆಧಾರವಲ್ಲ. ಫೋರ್ ಫ್ರೆಶ್‌ಮೆನ್ ಮೇಳದ ಮೊದಲ ನಾಲ್ವರೂ ಇಲ್ಲವಾದ ಮೇಲೂ ಅದೇ ಹೆಸರಿನಲ್ಲಿ ಬೇರೆ ನಾಲ್ವರು ಅದೇ ಸ್ವರಗಳಲ್ಲಿ ನಿಂತು ಹಾಡಿದ್ದು ಇದಕ್ಕೆ ಸಾಕ್ಷಿ. ಈ ಗಾನಕ್ಕೆ ಹೊಸಬನಾದ ಓದುಗನು ಮಿಲ್ಸ್ ಸೋದರರ ಒಂದು ಹಾಡನ್ನು ಮೊದಲು ಧಾಟಿಗಾಗಿ ಕೇಳಲಿ. ಎರಡನೆಯ ಸಲ ಮೇಲಿನ ಕಂಠವನ್ನು ಬಿಟ್ಟು ನಡುವಿನದೊಂದನ್ನೇ ಕೊನೆಯವರೆಗೆ ಹಿಂಬಾಲಿಸಲಿ. ಈ ಮೇಳಗಳು ಇಷ್ಟು ಕಾಲ ಏಕೆ ಉಳಿದವೆಂಬುದು ಆಗ ಅವನಿಗೆ ಯಾರ ವಿವರಣೆಯೂ ಇಲ್ಲದೆ ತಿಳಿದೀತು.